ಮಾವ ಅಂಗಾತ ಮಲಗಿದ ಮಳೆಗಾಲ

ಕಳೆದ ವಾರ ಪಕ್ಕದ ಮನೆಯಲ್ಲಿ ಬಾಣಂತಿಯ ಮೈಗೆ ಹಚ್ಚಲು ಕುಸುಬಿ ಎಣ್ಣೆ ಕಾಯಿಸುತ್ತಿದ್ದರು. ಬೆಳ್ಳುಳ್ಳಿ, ಅಜವಾನ ಹಾಕಿ ಕಾಯಿಸಿದ ಎಣ್ಣೆಯ ವಾಸನೆ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬಂತು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಕರಕಾದದ್ದು ಕೂಡ ತಿಳಿಯಲಿಲ್ಲ. ಉಳಿದವರಿಗೆ ಅದು ಬಾಣಂತಿಯ ಎಣ್ಣೆ. ನನಗೆ ಅದು ನಮ್ಮ ಮಾವನ ಬಲಭುಜದ ವಾಸನೆ.

ಮಾವನ ಹೆಸರು ಸಾಯಬಣ್ಣ. ನಾರಾಯಣಪುರದ ಡ್ಯಾಮಿನಿಂದ ಶಹಾಪುರದ ಕಡೆ ಹರಿದು ಬರುವ ಕಾಲುವೆಯ ಮೇಲೆ ಅವರ ನೌಕರಿ. ಗೇಟು ಎತ್ತುವುದು, ಇಳಿಸುವುದು, ನೀರಿಗಾಗಿ ಜಗಳಕ್ಕೆ ನಿಂತವರ ನಡುವೆ ಹೋಗಿ ಇಬ್ಬರಿಂದಲೂ ಬೈಸಿಕೊಳ್ಳುವುದು. ನೌಕರಿ ಮುಗಿದ ಮೇಲೆ ಇಲಾಖೆಯ ಕ್ವಾರ್ಟರ್ಸ್ ಬಿಟ್ಟು ವನದುರ್ಗದ ಸ್ವಂತ ಮನೆಗೆ ಬಂದಿದ್ದರು. ಅತ್ತೆ ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ಚಂದ್ರು ಸುರಪುರ ಡಿಪೋದಲ್ಲಿ ಬಸ್ ಡ್ರೈವರ್. ದೂರದ ಡ್ಯೂಟಿ ಬಿದ್ದರೆ ಎರಡು ಮೂರು ದಿನ ಮುಖ ಕಾಣುತ್ತಿರಲಿಲ್ಲ. ಆಗ ಮನೆಯಲ್ಲಿ ಉಳಿಯುತ್ತಿದ್ದವರು ನಾನು, ಮಾವ ಮತ್ತು ಅವರು ಕಾಲುವೆಯ ದಡದ ಮೇಲೆ ಜೀವಮಾನವೆಲ್ಲ ಓಡಿಸಿದ ಹಳೆಯ ಮೊಪೆಡ್.

ಒಂದೇ ಮನೆಯಲ್ಲಿದ್ದರೂ ನಮ್ಮಿಬ್ಬರ ನಡುವೆ ಮಾತು ಇರಲಿಲ್ಲ. ಸಿಟ್ಟಿನಿಂದಲ್ಲ, ಮರ್ಯಾದೆಯಿಂದ. ನಾನು ತಲೆಯ ಮೇಲೆ ಸೆರಗು ಹೊದ್ದು ತಾಟು ಇಟ್ಟು ಬಳೆ ಸಪ್ಪಳ ಮಾಡಿದರೆ ಅವರು ಬಂದು ಉಣ್ಣುತ್ತಿದ್ದರು. ಉಪ್ಪು ಬೇಕಿದ್ದರೆ ಗೋಡೆಯ ಕಡೆ ನೋಡಿ "ಉಪ್ಪು" ಎನ್ನುತ್ತಿದ್ದರು.

ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಅವರ ಬಲಭುಜ ನೋಯತೊಡಗಿತು. ಗೇಟಿನ ಚಕ್ರ ತಿರುವಿ ತಿರುವಿ ಸವೆದ ಭುಜ ಎಂದುಕೊಂಡೆವು. ಕಾಲುವೆಯ ಮೇಲೆ ಅವರ ಜೊತೆಗೇ ದುಡಿದ ಮಹಿಬೂಬ ಚಾಚಾ ಎರಡು ಓಣಿ ಆಚೆ ಇದ್ದರು. ದಿನಾ ಸಂಜೆ ಬಂದು, ನಾನು ಕಾಯಿಸಿ ಕೊಟ್ಟ ಎಣ್ಣೆಯಲ್ಲಿ ಮಾವನ ಭುಜ ತಿಕ್ಕುತ್ತಿದ್ದರು. "ಅರೇ ಭಾಯಿ, ಹಿಂಗ ಕಲ್ಲು ಮಾಡ್ಕೊಂಡ್ರ ಹ್ಯಾಂಗ? ಮೈ ಸಡಿಲ ಬಿಡು" ಎಂದು ಗದರುತ್ತಿದ್ದರು. ಮಾವ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಹಿತವೋ ನೋವೋ ಅವರ ಮುಖ ನೋಡಿ ಹೇಳಲಾಗುತ್ತಿರಲಿಲ್ಲ.

ಹತ್ತಿ ಗಿಡ ಮೊಣಕಾಲುದ್ದ ಬರುವುದರೊಳಗೆ ಅವರ ಊಟ ಅರ್ಧ ರೊಟ್ಟಿಗೆ ಇಳಿಯಿತು. ಕಣ್ಣು ಹಳದಿಯಾಯಿತು, ಪಾದ ಬಾತವು. ಚಂದ್ರು ರಜೆ ಹಾಕಿ ಕಲಬುರಗಿಗೆ ಕರೆದುಕೊಂಡು ಹೋದ. ಸ್ಕ್ಯಾನ್ ಮಾಡಿದ ಡಾಕ್ಟರು ಲಿವರ್ ಕ್ಯಾನ್ಸರ್ ಎಂದರು. ಯಾವಾಗಲೋ ಆಗಿದ್ದ ಹಳೆಯ ಕಾಮಾಲೆ ಒಳಗೇ ಉಳಿದು ಲಿವರ್ ತಿಂದಿತ್ತು. ಆಪರೇಷನ್ ಮಾಡುವ ಹಂತ ದಾಟಿತ್ತು. ಭುಜದಲ್ಲಿ ಯಾವ ರೋಗವೂ ಇರಲಿಲ್ಲ. ಲಿವರ್ ಬಾತು ಮೇಲಿನ ಪೊರೆಯನ್ನು ಒತ್ತಿದಾಗ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದಂತೆ. ಊರಲ್ಲಿ ಕೆಲವರು "ಸಾಯಬಣ್ಣ ಗುಟ್ಟಾಗಿ ಕುಡೀತಿದ್ದನೇನೋ" ಎಂದು ಆಡಿಕೊಂಡರು. ಒಂದು ದಿನವೂ ಕುಡಿದವರಲ್ಲ ನಮ್ಮ ಮಾವ.

ಮಹಿಬೂಬ ಚಾಚಾಗೆ ಭುಜದ ಮಾತು ಕೇಳಿ ಬಹಳ ಕೆಟ್ಟೆನಿಸಿತು. ಕಟ್ಟೆಯ ಮೇಲೆ ಕೂತು ತಮ್ಮ ಕೈಗಳನ್ನೇ ನೋಡಿಕೊಂಡರು.

"ಸುಳ್ಳೇ ತಿಕ್ಕಿದೆ ಭಾಯಿ. ಬ್ಯಾನಿ ಇದ್ದದ್ದು ಎಲ್ಲೋ, ನಾ ತಿಕ್ಕಿದ್ದು ಎಲ್ಲೋ."

"ಬ್ಯಾನಿ ಹೋಗಲಿಲ್ಲ ಖರೆ," ಎಂದರು ಮಾವ. "ನೀ ದಿನಾ ಬರ್ತಿದ್ದಿ. ಅದನ್ನ ಬಿಡಬ್ಯಾಡ."

ಅಂದಿನಿಂದ ಚಾಚಾ ಮತ್ತೆ ಬರತೊಡಗಿದರು. ಸುದ್ದಿ ತಿಳಿದು ಅಬ್ಬೆತುಮಕೂರಿನಿಂದ ಮಾವನ ಅಕ್ಕ ನೀಲಮ್ಮತ್ತೆ ಗಂಟು ಕಟ್ಟಿಕೊಂಡು ಬಂದು ನಮ್ಮಲ್ಲೇ ಉಳಿದರು. ತಮ್ಮನನ್ನು ಎತ್ತಿ ಆಡಿಸಿದ ಅಕ್ಕ. ಅವರ ಬಾಯಿ ಜೋರು.

ನೋವು ಹೆಚ್ಚುತ್ತಿದ್ದುದು ನಮಗೆ ಗೊತ್ತಾದದ್ದು ಅವರ ಮಾತಿನಿಂದಲ್ಲ, ಮಲಗುವ ರೀತಿಯಿಂದ. ಬಲ ಮಗ್ಗುಲಿಗೆ ಹೊರಳಲಾಗುತ್ತಿರಲಿಲ್ಲ. ಎಡಕ್ಕೆ ಹೊರಳಿದರೆ ಹೊಟ್ಟೆಯೊಳಗಿನ ಭಾರ ಜಗ್ಗುತ್ತಿತ್ತು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಎರಡು ದಿಂಬು ಒಟ್ಟಿ, ಗೋಡೆಗೆ ಒರಗಿ, ಕೂತೇ ಕಣ್ಣು ಮುಚ್ಚುತ್ತಿದ್ದರು. ಶಹಾಪುರದ ಗುಡ್ಡ ದೂರದಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುತ್ತದೆ. ಕಲಬುರಗಿಯಿಂದ ಬರುವಾಗ ಬಸ್ಸಿನ ಕಿಟಕಿಯಿಂದ ಅದನ್ನೇ ನೋಡುತ್ತ ಮಾವ, "ಎಷ್ಟು ಆರಾಮ ಮಲಗ್ಯಾನ ನೋಡು" ಎಂದಿದ್ದರಂತೆ. ಮನೆಗೆ ಬಂದ ಮೇಲೆ ಚಂದ್ರು ನನಗೆ ಅದನ್ನು ಹೇಳಿದ.

ಕಾಳಜಿಯಿಂದಲೇ ಚಾಚಾ ಅಂಗಡಿಯಿಂದ ನೋವಿನ ಗುಳಿಗೆ ತಂದುಕೊಟ್ಟರು. ಅದನ್ನು ನುಂಗಿದ ಎರಡನೆಯ ದಿನ ಮಾವ ಕಪ್ಪಗೆ ವಾಂತಿ ಮಾಡಿಕೊಂಡರು. ಅಂಥ ಗುಳಿಗೆ ಈ ರೋಗಕ್ಕೆ ಆಗುವುದಿಲ್ಲ, ಹೊಟ್ಟೆಯೊಳಗೆ ರಕ್ತ ಒಸರುತ್ತದೆ ಎಂದು ನಮಗೆ ತಿಳಿದದ್ದು ಆಮೇಲೆ.

ಒಂದು ಮಧ್ಯಾಹ್ನ ಕಟ್ಟಿಗೆ ತರಲೆಂದು ಹಿತ್ತಲಿಗೆ ಹೋದೆ. ಮಾವ ಅಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. ಟವೆಲು ಮುದ್ದೆ ಮಾಡಿ ಬಾಯಲ್ಲಿ ತುರುಕಿಕೊಂಡು ಕಚ್ಚಿದ್ದರು. ಬೆನ್ನು ನಡುಗುತ್ತಿತ್ತು. ನನ್ನ ತಲೆಯ ಸೆರಗು ಯಾವಾಗ ಜಾರಿತೋ ತಿಳಿಯದು. ಹೋಗಿ ತೋಳು ಹಿಡಿದೆ.

"ಮಾವಾ, ಎಲ್ಲಿ ನೋಯಾಕತ್ತದ್ರಿ?"

ಅವರು ಬೆಚ್ಚಿ ಟವೆಲು ತೆಗೆದರು. ನಾನು ಮುಖ ಕೊಟ್ಟು ಆಡಿದ ಮೊದಲ ಮಾತು ಅದು.

"ಏನಿಲ್ಲವ್ವಾ. ಸೊಸಿ ಮುಂದ ಹ್ಯಾಂಗ ಹೇಳ್ಲಿ."

"ನನಗ ಹೇಳ್ದಿದ್ರ ಯಾರಿಗೆ ಹೇಳ್ತೀರಿ? ಗೋಡಿಗೇನ್ರಿ?"

ಟವೆಲು ಹೆಗಲಿಗೆ ಹಾಕಿಕೊಂಡರು. ಆಮೇಲೆ ಅಂಗಿ ಎತ್ತಿ, ಬಲಪಕ್ಕೆಯ ಕೆಳಗೆ ಕೈ ಇಟ್ಟರು. "ಇಲ್ಲಿ. ಒಳಗ ಯಾರೋ ಕುಂತು ಹೊರಗ ಬರಾಕ ದೂಡ್ತಾರ. ಬೆನ್ನಿಗಿ ಹೋಗ್ತದ, ಭುಜಕ್ಕ ಏರ್ತದ. ತಡಿಯಾಕ ಆಗವಲ್ದು ಸುಜಾತಾ."

ಅವರು ನನ್ನ ಹೆಸರು ಹಿಡಿದು ಕರೆದಿದ್ದರು.

ಮರುದಿನವೇ ಯಾದಗಿರಿಗೆ ಹೋದೆವು. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ವಾಸಿಯಾಗದ ರೋಗಿಗಳ ನೋವು ನೋಡಲೆಂದೇ ಒಂದು ಕೋಣೆ ಇದೆಯೆಂದು ಚಂದ್ರುವಿಗೆ ಅವನ ಕಂಡಕ್ಟರ್ ಹೇಳಿದ್ದ. ನನಗಿಂತ ಸ್ವಲ್ಪ ದೊಡ್ಡ ವಯಸ್ಸಿನ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಮಾವನ ಎದುರಿಗೇ ಕೂತರು.

"ಯಜಮಾನ್ರ, ನೋವೇ ಇಲ್ಲ ಅಂದ್ರ ಸೊನ್ನಿ. ತಡಿಯಾಕ ಆಗದಷ್ಟು ಇದ್ರ ಹತ್ತು. ನಿಮ್ಮದು ಎಷ್ಟು?"

"ಎರಡು ಇರಬಹುದ್ರಿ," ಎಂದರು ಮಾವ.

ಚಂದ್ರು ತಲೆ ತಗ್ಗಿಸಿದ. ನಾನು ಬಾಗಿಲ ಬಳಿ ನಿಂತವಳು ತಡೆಯಲಾರದೆ ಅಂದುಬಿಟ್ಟೆ: "ಸುಳ್ಳು ಹೇಳ್ತಾರ್ರಿ. ಟವೆಲ್ ಕಚ್ಕೊಂಡು ನಿಂದರ್ತಾರ. ಎಂಟು ಒಂಬತ್ತು ಅದ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಮಾವನೂ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಹುಳಿ ತಿಂದವರ ಹಾಗೆ ನಕ್ಕು, "ಹೌದ್ರಿ. ಆಕಿ ಹೇಳಿದ್ದೇ ಬರಕೋರಿ" ಎಂದರು.

ಡಾಕ್ಟರಮ್ಮ ಮಾರ್ಫಿನ್ ಗುಳಿಗೆ ಕೊಟ್ಟರು. ಲಿವರ್ ಸೋತಿರುವುದರಿಂದ ಔಷಧಿ ಮೈಯಲ್ಲಿ ಬಹಳ ಹೊತ್ತು ಉಳಿಯುತ್ತದೆ, ಅದಕ್ಕೆ ಸಣ್ಣ ಪ್ರಮಾಣದಿಂದ ಶುರು ಮಾಡೋಣ ಎಂದರು. ನೋವು ಬರಲಿ ಎಂದು ಕಾಯಬಾರದು, ಗಡಿಯಾರ ನೋಡಿ ಕೊಡಬೇಕು. ಹೊಟ್ಟೆ ಕಟ್ಟುತ್ತದೆ, ಅದಕ್ಕೊಂದು ಔಷಧಿ ಜೊತೆಗೇ ಕೊಡಬೇಕು. ಮೊದಲ ಒಂದೆರಡು ದಿನ ಮಂಪರು ಇರುತ್ತದೆ. ಎಬ್ಬಿಸಿದರೂ ಏಳದಿದ್ದರೆ, ಮಾತು ತಪ್ಪಿದರೆ, ತಡ ಮಾಡದೆ ಫೋನ್ ಮಾಡಬೇಕು. ಲಿವರ್ ಬಾವು ತಗ್ಗಲು ಇನ್ನೊಂದು ಗುಳಿಗೆ. ಎಲ್ಲವನ್ನೂ ನನ್ನ ಬಾಯಿಂದ ಮತ್ತೆ ಹೇಳಿಸಿದರು.

ಮಾವ ಗುಳಿಗೆಯ ಚೀಟಿ ಕೈಯಲ್ಲಿ ಹಿಡಿದು ಕೇಳಿದರು: "ಡಾಕ್ಟರಮ್ಮ, ಇದು ಕೊಟ್ರ ನಾ ಹೋಗೋ ಹೊತ್ತು ಬಂತು ಅಂತೇನ್ರಿ?"

"ಹೋಗೋ ಹೊತ್ತು ನನಗ ಗೊತ್ತಿಲ್ರಿ. ಇರೋ ತನಕ ನೀವು ಉಣಬೇಕು, ಮಲಗಬೇಕು, ಮನಿಮಂದಿ ಜೋಡಿ ಮಾತಾಡಬೇಕು. ಅದಕ್ಕ ಕೊಡಾಕತ್ತೀನಿ."

ಮನೆಯಲ್ಲಿ ನೀಲಮ್ಮತ್ತೆ ಕೇಳಬೇಕಲ್ಲ. ಯಾರೋ ಅವರಿಗೆ ಇದು ಅಫೀಮಿನ ಜಾತಿಯ ಔಷಧಿ ಎಂದು ಹೇಳಿದ್ದರು. "ಅಫೀಮು ಹಾಕಿ ನನ್ನ ತಮ್ಮನ್ನ ಮಲಗಿಸ್ತಿ ಏನವ್ವಾ? ಚಟ ಹತ್ತತದ, ಬುದ್ಧಿ ಹೋಗ್ತದ!" ಎಂದು ಪಡಸಾಲೆಯಲ್ಲೇ ಕೂಗಿದರು. ಚಂದ್ರು ಎರಡು ಮಾತು ಹೇಳಿ ನೋಡಿದ, ಸೋತ. ಕಡೆಗೆ ಮಾವನೇ ನನ್ನ ಕೈಯಿಂದ ಗುಳಿಗೆ ತಗೊಂಡು, "ಅಕ್ಕಾ, ಬುದ್ಧಿ ಇಟ್ಕೊಂಡು ಕೂತು ಕೂತು ಸಾಕಾಗ್ಯಾದ" ಎಂದು ನುಂಗಿ ನೀರು ಕುಡಿದರು.

ಮರುದಿನ ಮಧ್ಯಾಹ್ನ ಅವರು ಮಲಗಿದರು. ಒಂದೇ ದಿಂಬು, ಅಂಗಾತ. ಹೊರಗೆ ಜಿಟಿಜಿಟಿ ಮಳೆ. ನೀಲಮ್ಮತ್ತೆ ಮತ್ತೆ ಮತ್ತೆ ಬಂದು ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದರು. ನನಗೂ ಒಳಗೊಳಗೆ ಅಂಜಿಕೆಯಿತ್ತು. ಒಮ್ಮೆ ಮೆಲ್ಲಗೆ ಕರೆದೆ. "ಹ್ಞಾಂ" ಎಂದು ಮತ್ತೆ ಮಗುವಿನ ಹಾಗೆ ನಿದ್ದೆ ಹೋದರು. ಸಂಜೆ ಎದ್ದವರು ಸುತ್ತ ನೋಡಿ, ನೇರ ನನ್ನನ್ನೇ ಕೇಳಿದರು: "ಪುಂಡಿಪಲ್ಯ ಅದ ಏನವ್ವಾ? ಹಸಿವ್ಯಾಗ್ಯಾದ."

ನೀಲಮ್ಮತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಅಡುಗೆಮನೆಗೆ ಓಡಿದರು.

ಅಲ್ಲಿಂದ ನಮ್ಮ ಮನೆಯಲ್ಲಿ ಬೆಳಗಿನ ಮಾತು ಶುರುವಾಗುತ್ತಿದ್ದದ್ದು "ಇವತ್ತು ಎಷ್ಟ್ರಿ ಮಾವಾ?" ಎಂಬುದರಿಂದ. ಮೂರು ಎನ್ನುತ್ತಿದ್ದರು, ನಾಲ್ಕು ಎನ್ನುತ್ತಿದ್ದರು. ಸುಳ್ಳು ಹೇಳಿದರೆ ಹುಬ್ಬಿನಲ್ಲೇ ಗೊತ್ತಾಗುತ್ತಿತ್ತು. ನೋವು ಪೂರಾ ಹೋಗಲಿಲ್ಲ. ಮೈ ತುರಿಸುತ್ತಿತ್ತು, ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ಆದರೆ ನೋವಿನ ಹಿಂದೆ ಅಡಗಿದ್ದ ಮನುಷ್ಯ ಹೊರಗೆ ಬಂದಿದ್ದರು. ಎಷ್ಟು ಮಾತಾಡುತ್ತಿದ್ದರು! ಯಾವ ಗೇಟಿನ ಹತ್ತಿರ ಮೊಸಳೆ ನೋಡಿದ್ದು, ಯಾವ ಊರಿನವರು ಅವರನ್ನು ಕೂಡಿಹಾಕಿ ನೀರು ಬಿಡಿಸಿಕೊಂಡದ್ದು. ಚಾಚಾ ಪಕ್ಕದಲ್ಲಿ ಕೂತು, "ಝೂಟ್! ಮೊಸಳಿ ನೋಡಿದ್ದು ನಾ, ಇಂವ ಓಡಿ ಹೋಗಿದ್ದ" ಎಂದು ತಿದ್ದುತ್ತಿದ್ದರು.

ಗುಳಿಗೆ ತರಲು ಯಾದಗಿರಿಗೇ ಹೋಗಬೇಕಿತ್ತು. ಆ ಔಷಧಿ ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ನಮ್ಮೂರಿಗೆ ಬಸ್ಸು ಕಡಿಮೆ, ಚಂದ್ರುವಿನ ಡ್ಯೂಟಿ ಹೇಳಲು ಬಾರದು. ಶಹಾಪುರ ಮುಟ್ಟಿದರೆ ಮುಂದೆ ಬಸ್ಸಿಗೆ ತೊಂದರೆಯಿಲ್ಲ. ಮಾವ ಒಂದು ಬೆಳಿಗ್ಗೆ ಮೊಪೆಡ್ಡಿನ ಕೀಲಿ ನನ್ನ ಮುಂದೆ ಇಟ್ಟು, "ಕಲಿ" ಎಂದರು.

ಕೋಟೆಗುಡ್ಡದ ಬುಡದ ಬಯಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು, ತಲೆಗೆ ರುಮಾಲು ಸುತ್ತಿ. ಚಾಚಾ ಗಾಡಿಯ ಹಿಂದೆ ಓಡುವುದು, ಮಾವ ಕುರ್ಚಿಯಿಂದ ಕೂಗುವುದು. "ಕೈ ಬಿಗಿ ಹಿಡಿಬ್ಯಾಡ! ಮುಂದ ನೋಡು, ಗಾಲಿ ನೋಡಬ್ಯಾಡ!" ನಾನು ಹೋಗಿ ಜಾಲಿ ಕಂಟಿಯಲ್ಲಿ ಬಿದ್ದೆ. ಎದ್ದು ನೋಡಿದರೆ ಮಾವ ಪಕ್ಕೆ ಹಿಡಿದುಕೊಂಡು ನಗುತ್ತಿದ್ದಾರೆ. "ನಗಿಸಬ್ಯಾಡವ್ವಾ, ನೋಯ್ತದ!" ಕಣ್ಣಲ್ಲಿ ನೀರು. ನೀಲಮ್ಮತ್ತೆ ಮಾತ್ರ, "ಮಾವ ಕಲಿಸೋದು, ಸೊಸಿ ಕಲಿಯೋದು, ಊರು ನೋಡೋದು" ಎಂದು ಗೊಣಗಿ ನನ್ನ ಮೊಣಕೈಗೆ ಅರಿಶಿನ ಹಚ್ಚಿದರು.

ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ನಾನು ಒಬ್ಬಳೇ ಶಹಾಪುರಕ್ಕೆ ಹೋಗಿ, ಬಸ್ ನಿಲ್ದಾಣದ ಹತ್ತಿರ ಗಾಡಿ ನಿಲ್ಲಿಸಿ, ಭೀಮಾ ಸೇತುವೆ ದಾಟಿ ಯಾದಗಿರಿಯಿಂದ ಔಷಧಿ ತರುತ್ತಿದ್ದೆ.

ದಸರೆಗೆ ಸ್ವಲ್ಪ ಮುಂಚೆ ಒಂದು ಸಲ ಎಡವಟ್ಟಾಯಿತು. ಸಾಲು ರಜೆ ಬಂದು ಆಸ್ಪತ್ರೆಗೆ ಹೋಗುವುದು ತಡವಾಯಿತು. ಬೆಳಗಿನ ಗುಳಿಗೆಯೇ ಕೊನೆಯದು. ನಾನು ಔಷಧಿ ಹಿಡಿದು ಶಹಾಪುರದಿಂದ ಹೊರಡುವಾಗ ಮೋಡ ಕಳಚಿ ಬಿತ್ತು. ನಮ್ಮೂರ ದಾರಿಯ ಹಳ್ಳ ರಸ್ತೆಯ ಮೇಲೆಯೇ ಹರಿಯುತ್ತಿತ್ತು. ಈಚೆ ಟ್ರ್ಯಾಕ್ಟರು, ಜನ ಎಲ್ಲ ನಿಂತಿದ್ದರು. ಒಬ್ಬಿಬ್ಬರು ಗಾಡಿ ದೂಡಿಕೊಂಡು ದಾಟಲು ಸಜ್ಜಾಗುತ್ತಿದ್ದರು. ನಾನೂ ಅವರ ಜೊತೆ ಇಳಿಯಲು ಮನಸ್ಸು ಮಾಡಿ ಮನೆಗೆ ಫೋನ್ ಮಾಡಿದೆ. ಚಾಚಾ ಎತ್ತಿದರು. ಹಿಂದೆ ಮಾವ ನರಳುವುದು ಕೇಳಿತು. ಆಮೇಲೆ ಮಾವನ ದನಿ, ಹಲ್ಲು ಕಚ್ಚಿ ಹೊರಡಿಸಿದ್ದು.

"ನೀರಾಗ ಕಸ ಕಡ್ಡಿ ತೇಲಿ ಬರಾಕತ್ತದೇನು?"

"ಹೌದ್ರಿ. ಜಾಲಿ ಟೊಂಗಿ ಬರಾಕತ್ಯಾವ."

"ಹಂಗಾರ ಹಳ್ಳ ಇನ್ನಾ ಏರ್ತದ. ದಾಟಬ್ಯಾಡ. ಇಳಿಯೋರಿಗೂ ಬ್ಯಾಡ ಅನ್ನು."

"ನಿಮಗ ಎಷ್ಟು ಅದ್ರಿ ಈಗ?"

"ಒಂಬತ್ತು. ಆದರೂ ದಾಟಬ್ಯಾಡ. ಗಾಡಿ ತಿರುಗಿಸು. ಕಾಲುವಿ ದಾರಿ ಹಿಡಿ."

ಇಳಿಯಲಿದ್ದವರಿಗೆ ಬೇಡವೆಂದು ಕೂಗಿ ಹೇಳಿ ಗಾಡಿ ತಿರುಗಿಸಿದೆ. ಕಾಲುವೆಯು ಆ ಹಳ್ಳವನ್ನು ಮೇಲಿನಿಂದ ದಾಟುತ್ತದೆ, ಕಲ್ಲಿನ ಕಮಾನಿನ ಮೇಲೆ. ಅದರ ಬದಿಗೆ ಒಂದು ಗಾಡಿ ಹೋಗುವಷ್ಟು ದಾರಿಯಿದೆ. ನನಗೆ ಅದು ಗೊತ್ತಿರಲಿಲ್ಲ. ಪ್ರತಿ ಕವಲಿನಲ್ಲೂ ಗಾಡಿ ನಿಲ್ಲಿಸಿ, ಸೆರಗಿನಿಂದ ಫೋನ್ ಒರೆಸಿ, ಅವರನ್ನು ಕೇಳುತ್ತಿದ್ದೆ. ಅವರು ನೋವಿನ ನಡುವೆ ಉಸಿರು ಹಿಡಿದು ಹೇಳುತ್ತಿದ್ದರು. ಎಡಕ್ಕೊಂದು ಬೇವಿನ ಗಿಡ ಬರುತ್ತದೆ, ಅಲ್ಲಿ ಮೇಲೆ ಹತ್ತು. ಮುಂದೆ ತುಕ್ಕು ಹಿಡಿದ ಗೇಟು, ಅಲ್ಲಿ ಕರಿಮಣ್ಣು ಜಾರುತ್ತದೆ, ಇಳಿದು ದೂಡು. ಕಮಾನಿನ ಮೇಲೆ ಹೋಗುವಾಗ ಕೆಳಗೆ ನೋಡಬೇಡ. ನಾನು ನೋಡಿದೆ. ಹಳ್ಳ ಕೆಳಗೆ ಗುಡುಗುತ್ತಿತ್ತು, ಪಕ್ಕದಲ್ಲಿ ಕಾಲುವೆ ತುಂಬಿ ಸದ್ದಿಲ್ಲದೆ ಹರಿಯುತ್ತಿತ್ತು. ಗಾಡಿ ಮಾತ್ರ ನಿಲ್ಲಿಸಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ನೀಲಮ್ಮತ್ತೆ ಮಳೆಯಲ್ಲೇ ಬೀದಿಗೆ ಬಂದು ನಿಂತಿದ್ದರು. "ಗುಳಿಗಿ ಎಲ್ಲದ? ಕೊಡು ಮೊದಲು!" ಎಂದು ಕಸಿದುಕೊಂಡು ಒಳಗೆ ಹೋದರು. ಮಾವ ಬೆವರಿನಲ್ಲಿ ತೊಯ್ದು ಗೋಡೆಗೆ ಒರಗಿದ್ದರು. ಡಾಕ್ಟರಮ್ಮನಿಗೆ ಫೋನ್ ಮಾಡಿ, ಅವರು ಹೇಳಿದಷ್ಟು ಕೊಟ್ಟೆವು. ಅದು ಹತ್ತುವ ತನಕ ಚಾಚಾ ಅವರ ಬೆನ್ನು ಸವರುತ್ತ ಕೂತರು. ಹಣೆಯ ಗಂಟು ಸಡಿಲವಾದ ಮೇಲೆ ಮಾವ ಕೇಳಿದ ಮೊದಲ ಮಾತು: "ಕಾಲುವ್ಯಾಗ ಕಸ ಬೆಳದದೇನು? ಗೇಟಿಗೆ ಗ್ರೀಸ್ ಹಚ್ಯಾರೇನು?"

"ಅದನ್ನ ನೋಡಾಕ ನೀವೇ ಬರ್ರಿ," ಎಂದೆ. ಎಲ್ಲರೂ ನಕ್ಕೆವು. ಆಮೇಲೆ ತೊಯ್ದ ಸೀರೆಯಲ್ಲೇ ನೆಲಕ್ಕೆ ಕೂತೆ.

ದಸರೆ ಕಳೆದು ಮಳೆ ಹಿಂದೆ ಸರಿಯಿತು. ಹತ್ತಿ ಒಡೆದು ಹೊಲ ಬೆಳ್ಳಗಾಯಿತು. ಮಾವ ಮಾತ್ರ ದಿನದಿನಕ್ಕೆ ಇಳಿಯುತ್ತಿದ್ದರು. ಗುಳಿಗೆ ನುಂಗಲಾಗದಾದಾಗ ಹನಿ ಔಷಧಿ ಬಂತು. ಆಸ್ಪತ್ರೆಯ ನರ್ಸಮ್ಮ ಒಂದು ದಿನ ಮನೆಗೇ ಬಂದು ತುಟಿ ಒದ್ದೆ ಮಾಡುವುದು, ಹಾಸಿಗೆಹುಣ್ಣು ಆಗದಂತೆ ಹೊರಳಿಸುವುದು ತೋರಿಸಿಕೊಟ್ಟರು. ಚಂದ್ರು ರಜೆ ಹಾಕಿ ಮನೆಯಲ್ಲೇ ಉಳಿದ.

ಒಂದು ಬೆಳಿಗ್ಗೆ, ಬಿಸಿಲು ಪಡಸಾಲೆಗೆ ಬಂದಿತ್ತು. ಮಾವನ ತುಟಿಗೆ ನೀರು ಹನಿಸುತ್ತಿದ್ದೆ. ಅವರು ತಾವಾಗಿಯೇ ಅತ್ತೆಯ ಮಾತು ತೆಗೆದರು.

"ನಿಮ್ಮತ್ತಿಗೂ ಕ್ಯಾನ್ಸರ್ ಇತ್ತು, ಗರ್ಭಚೀಲದ್ದು. ಆಗ ಇಂಥ ಔಷಧಿ ಅದ ಅಂತ ನಮಗ ಯಾರೂ ಹೇಳ್ಲಿಲ್ಲ. ಒದರತಿದ್ಳು. ಗೇಟು ನೋಡ್ಕೊಂಡು ಬರ್ತೀನಿ ಅಂತ ಹೇಳಿ ನಾ ಕಾಲುವಿ ಮ್ಯಾಲ ಹೋಗಿ ಕೂಡ್ತಿದ್ದೆ. ನೀರಿನ ಸಪ್ಪಳದಾಗ ಆಕಿ ದನಿ ಕೇಳ್ತಿರಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ.

"ಅದಕ್ಕ ನಾ ಬಾಯಿ ಬಿಡಬಾರದು ಅಂತ ಮಾಡಿದ್ದೆ. ಒದರಿದ್ರ ನೀವೂ ಎದ್ದು ಹೋಗ್ತೀರಿ ಅಂತ ಅಂಜಿಕಿ ಇತ್ತು."

"ನಾ ಎಲ್ಲಿ ಹೋಗ್ಲಿ ಮಾವಾ? ಹೋದ್ರ ಯಾದಗಿರಿಗೆ."

ಅವರ ಮುಖದಲ್ಲಿ ನಗು ಮೂಡಿತು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು. ನಾನು ಒರೆಸಿದೆ.

ದೀಪಾವಳಿಗೆ ಮೊದಲು ಅವರು ಹೋದರು, ಹೊತ್ತು ಏರುವಾಗ, ಚಂದ್ರುವಿನ ತೊಡೆಯ ಮೇಲೆ ತಲೆಯಿಟ್ಟು. ಅದಕ್ಕೆ ಸ್ವಲ್ಪ ಮುಂಚೆ "ಎಷ್ಟ್ರಿ ಮಾವಾ?" ಎಂದು ಕೇಳಿದ್ದೆ. ಮಾತು ಬರಲಿಲ್ಲ. ಹೆಬ್ಬೆರಳು ತೋರುಬೆರಳು ಕೂಡಿಸಿ ಸೊನ್ನೆ ಮಾಡಿ ತೋರಿಸಿದರು. ಅದು ಸುಳ್ಳೇ ಇರಬಹುದು ಎಂದು ಹುಬ್ಬು ನೋಡಿದೆ. ಹುಬ್ಬು ಆರಾಮಾಗಿತ್ತು.

ಮಾತಾಡಿಸಲು ಬಂದ ಜನ ಕಟ್ಟೆಯ ಮೇಲೆ ಕೂತು, "ಭಾಳ ತ್ರಾಸ ಪಟ್ನೇನವ್ವಾ?" ಎಂದು ನೀಲಮ್ಮತ್ತೆಯನ್ನು ಕೇಳುತ್ತಿದ್ದರು. ನಾನು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಮೊದಲು ಪಟ್ಟ," ಎಂದರು ನೀಲಮ್ಮತ್ತೆ. "ಆಮ್ಯಾಲ ಉಂಡ, ಮಲಗಿದ, ನಕ್ಕ. ನಮ್ಮ ಸೊಸಿ ಅವನ್ನ ನರಳಾಕ ಬಿಡ್ಲಿಲ್ಲ."

ನನ್ನ ಕೈಯ ತಂಬಿಗೆ ಅಲುಗಿ ನೀರು ಚೆಲ್ಲಿತು. ನೀಲಮ್ಮತ್ತೆ ತಿರುಗಿ ನೋಡಿದರು. ಕೈ ಚಾಚಿ ನನ್ನನ್ನು ಎಳೆದು ಪಕ್ಕದಲ್ಲಿ ಕೂಡಿಸಿಕೊಂಡರು.

"ಬಾ, ಕೂಡು. ತಂಬಿಗಿ ಕೆಳಗಿಡು. ಅಳು ಈಗ. ಇಷ್ಟು ದಿನ ನಿನಗ ಅಳಾಕ ಹೊತ್ತೇ ಸಿಕ್ಕಿಲ್ಲ."